ಆಟಿಯ ರಾತ್ರಿಗೆ ಲೆಕ್ಕ ಹಾಕಿ: ಕರಾವಳಿಯ ಮನೆಗೆ ಮೊದಲ ಸಿಸಿ ಕ್ಯಾಮೆರಾ

ಸಿಸಿ ಕ್ಯಾಮೆರಾಕ್ಕೆ ಜಾಗ ಗುರುತಿಸುವ ಕೆಲಸ ಹೆಚ್ಚಾಗಿ ನಡೆಯುವುದು ಬಿಸಿಲಿನ ದಿನ, ಅಂಗಳದಲ್ಲಿ ನಿಂತು, ಕೈ ತೋರಿಸುತ್ತಾ: ಇಲ್ಲೊಂದು, ಮೂಲೆಗೊಂದು, ಹಿತ್ತಿಲಿಗೊಂದು. ಮಂಗಳೂರು, ಉಡುಪಿ ಕಡೆ ಲೆಕ್ಕ ಹಾಕಬೇಕಾದದ್ದು ಆಟಿ ತಿಂಗಳ (ತುಳುನಾಡಿನ ಜಡಿಮಳೆಯ ತಿಂಗಳು, ಜುಲೈ-ಆಗಸ್ಟ್) ಒಂದು ರಾತ್ರಿಗೆ. ಮಳೆ ಜಡಿಯುತ್ತಿದೆ, ಕರೆಂಟಿಲ್ಲ, ಗೇಟು ದಾಟಿ ಬಂದವನು ಕೊಡೆ ಹಿಡಿದಿದ್ದಾನೆ. ಆಗ ಅವನ ಮುಖ ದಾಖಲಾದರೆ ನಿಮ್ಮ ಯೋಜನೆ ಸರಿಯಿದೆ. ಕೊಡೆಯ ಬಟ್ಟೆ ಮಾತ್ರ ಕಂಡರೆ ಎಂಟು ಕ್ಯಾಮೆರಾ ಇದ್ದರೂ ಅಷ್ಟೆ.

ಮೊದಲು ಕಾಗದ, ಆಮೇಲೆ ಅಂಗಡಿ

ಮನೆಯ ನಕ್ಷೆಯೊಂದನ್ನು ಕೈಯಲ್ಲೇ ಬರೆಯಿರಿ. ಗೇಟು, ಸಿಟ್‌ಔಟ್, ಅಡುಗೆಮನೆಯ ಹಿಂಬಾಗಿಲು, ಬಾವಿಕಟ್ಟೆ, ಕಾರು ನಿಲ್ಲುವ ಜಾಗ, ಅಡಿಕೆ ಒಣಹಾಕುವ ಅಂಗಳ ಗುರುತಿಸಿ. ಪ್ರತಿ ಜಾಗದ ಪಕ್ಕ ಒಂದು ಪ್ರಶ್ನೆ ಬರೆಯಿರಿ: ಇಲ್ಲಿ ಮುಖ ಬೇಕೋ, ಯಾರೋ ಓಡಾಡಿದರು ಎಂದು ತಿಳಿದರೆ ಸಾಕೋ? ಇವೆರಡಕ್ಕೂ ಬೇಕಾಗುವ ಕ್ಯಾಮೆರಾ ಬೇರೆ. ಒಂದರಿಂದಲೇ ಎರಡನ್ನೂ ನಿರೀಕ್ಷಿಸುವುದು ಮೊದಲ ಸಲ ಹಾಕಿಸುವವರ ದೊಡ್ಡ ತಪ್ಪು.

ಇದನ್ನು ಅಳೆಯಬಹುದು. ಗುರುತು ಸಿಗದವನ ಮುಖವನ್ನು ಖಚಿತವಾಗಿ ಹೇಳಲು ಒಂದು ಮೀಟರ್ ಅಗಲಕ್ಕೆ 250 ಪಿಕ್ಸೆಲ್ (ಚಿತ್ರದ ಚುಕ್ಕಿ) ಬೇಕು ಎನ್ನುತ್ತದೆ 2014ರ ಐಇಸಿ 62676-4 ಎಂಬ ಅಂತರರಾಷ್ಟ್ರೀಯ ಮಾನದಂಡ. ಪರಿಚಯದವನನ್ನು ಗುರುತಿಸಲು 125 ಸಾಕು, ಯಾರೋ ಇದ್ದಾರೆ ಎಂದು ತಿಳಿಯಲು 25 ಸಾಕು. 4 ಮೆಗಾಪಿಕ್ಸೆಲ್ ಕ್ಯಾಮೆರಾದ ಚಿತ್ರ ಅಡ್ಡಕ್ಕೆ 2560 ಪಿಕ್ಸೆಲ್. ಅಂದರೆ ದೃಶ್ಯದ ಅಗಲ 10 ಮೀಟರ್ ದಾಟಿದ ಕೂಡಲೇ ಮುಖದ ಆಸೆ ಬಿಡಬೇಕು.

2.8 ಎಂಎಂ ಲೆನ್ಸಿಗೆ 3 ಮೀಟರ್ ದೂರದಲ್ಲಿ ಸುಮಾರು 7 ಮೀಟರ್ ಅಗಲ ಕಾಣುತ್ತದೆ. ಸಿಟ್‌ಔಟಿಗೆ ಹೇಳಿ ಮಾಡಿಸಿದಂತಿದೆ. ಅದೇ ಲೆನ್ಸನ್ನು 12 ಮೀಟರ್ ದೂರದ ಗೇಟಿನತ್ತ ತಿರುಗಿಸಿದರೆ ಅಗಲ 27 ಮೀಟರ್, ಮೀಟರಿಗೆ 95 ಪಿಕ್ಸೆಲ್. ಬಂದದ್ದು ಮನುಷ್ಯ ಎಂಬಷ್ಟೇ ಗೊತ್ತಾಗುತ್ತದೆ. ಅಲ್ಲಿಗೆ 8 ಎಂಎಂ ಬೇಕು, ಇಲ್ಲವೇ 2.7ರಿಂದ 13.5 ಎಂಎಂ ವರೆಗೆ ಹೊಂದಿಸಬಲ್ಲ ವೇರಿಫೋಕಲ್. ಅಂಗಡಿಯಲ್ಲಿ ಏನೂ ಕೇಳದೆ ಕೊಟ್ಟದ್ದನ್ನು ತಂದರೆ ನಾಲ್ಕು ಕ್ಯಾಮೆರಾಗಳೂ 2.8 ಅಥವಾ 3.6 ಎಂಎಂ ಆಗಿರುತ್ತವೆ.

ಖರ್ಚಿಲ್ಲದ ಪರೀಕ್ಷೆಯೊಂದಿದೆ. ಮೊಬೈಲಿನ 0.5 ಲೆನ್ಸ್ ಹೆಚ್ಚುಕಡಿಮೆ 2.8 ಎಂಎಂ ಕ್ಯಾಮೆರಾದಷ್ಟೇ ಅಗಲ ನೋಡುತ್ತದೆ. ಏಣಿ ಹತ್ತಿ, ಕ್ಯಾಮೆರಾ ಬರುವ ಎತ್ತರದಲ್ಲಿ ಮೊಬೈಲನ್ನು ಅಡ್ಡ ಹಿಡಿದು ಫೋಟೊ ತೆಗೆಯಿರಿ. ಮನೆಯವರೊಬ್ಬರು ಕೊಡೆ ಬಿಡಿಸಿಕೊಂಡು ಗೇಟಿನಿಂದ ನಡೆದು ಬರಲಿ. ಈ ಹತ್ತು ನಿಮಿಷ ಅರ್ಧ ಯೋಜನೆಯನ್ನು ತಿದ್ದುತ್ತದೆ.

ಎತ್ತರದ ವಿಷಯ ಇಲ್ಲಿಯೇ ಬರುತ್ತದೆ. ಕೈಗೆ ಸಿಗಬಾರದೆಂದು 4 ಮೀಟರ್ ಮೇಲೆ ಹಾಕಿದ ಕ್ಯಾಮೆರಾ ತಲೆ, ಟೋಪಿ, ಕೊಡೆ ಇಷ್ಟನ್ನೇ ತೋರಿಸುತ್ತದೆ. ಅಂಗಳ ನೋಡುವ ಕ್ಯಾಮೆರಾ ಎರಡೂವರೆಯಿಂದ ಮೂರು ಮೀಟರಿನಲ್ಲಿರಲಿ. ಬಾಗಿಲ ಬಳಿಯದ್ದು 2.1ರಿಂದ 2.3 ಮೀಟರಿನಲ್ಲಿ, ಸಿಟ್‌ಔಟಿನ ಮಾಡಿನ ಒಳಗೆ. ಅಲ್ಲಿಗೆ ಬಂದ ಮೇಲೆ ಯಾರೇ ಆದರೂ ಕೊಡೆ ಮಡಚುತ್ತಾರೆ, ರೈನ್‌ಕೋಟಿನ ಟೊಪ್ಪಿ ಸರಿಸುತ್ತಾರೆ. ಕೈಗೆ ಸಿಗುತ್ತದಲ್ಲ ಎಂಬ ಭಯ ಬೇಡ. ಕ್ಯಾಮೆರಾ ತಿರುಚಲು ಬಂದವನ ಮುಖವೇ ಅತ್ಯಂತ ಹತ್ತಿರದಿಂದ ದಾಖಲಾಗುತ್ತದೆ.

ಯಾವ ಬಗೆ

ಹೊಸದಾಗಿ ವೈರಿಂಗ್ ಮಾಡುವವರು ಪಿಒಇ (ನೆಟ್‌ವರ್ಕ್ ಕೇಬಲಿನಲ್ಲೇ ಕರೆಂಟ್ ಪಡೆಯುವ) ಐಪಿ ಕ್ಯಾಮೆರಾ ಮತ್ತು ಅದರ ಚಿತ್ರ ದಾಖಲಿಸುವ ಎನ್‌ವಿಆರ್ ಪೆಟ್ಟಿಗೆ ಆರಿಸಿ. ಒಂದೇ ಕೇಬಲಿನಲ್ಲಿ ಕರೆಂಟೂ ಚಿತ್ರವೂ ಹೋಗುತ್ತದೆ, 100 ಮೀಟರ್ ವರೆಗೆ. ಮನೆಯಲ್ಲಿ ಹಳೆಯ 3+1 ಕೇಬಲ್ (ಚಿತ್ರಕ್ಕೂ ಕರೆಂಟಿಗೂ ಬೇರೆ ಬೇರೆ ತಂತಿಯಿರುವುದು) ಒಳ್ಳೆಯ ಸ್ಥಿತಿಯಲ್ಲಿದ್ದರೆ ಅದಕ್ಕೆ ಹೊಂದುವ ದಾಖಲೆ ಪೆಟ್ಟಿಗೆ ಡಿವಿಆರ್ ಸಾಕು, ಗೋಡೆ ಒಡೆಯಬೇಡಿ. ಆದರೆ ಅದರಲ್ಲೊಂದು ಕಾಯಿಲೆಯುಂಟು: ಹಗಲೆಲ್ಲ ಸರಿಯಿದ್ದು, ಕತ್ತಲಾದ ಕೂಡಲೇ ಚಿತ್ರ ಹೋಗುವುದು ಅಥವಾ ಮಿಣುಕುವುದು. ರಾತ್ರಿ ಐಆರ್ (ಅತಿಗೆಂಪು) ದೀಪ ಉರಿದಾಗ ಕ್ಯಾಮೆರಾ ಹೆಚ್ಚು ಕರೆಂಟ್ ಎಳೆಯುತ್ತದೆ. ಸಪೂರ ತಂತಿಯ ಉದ್ದದಲ್ಲಿ 12 ವೋಲ್ಟ್ ಇಳಿಯುತ್ತದೆ. ಕ್ಯಾಮೆರಾ ಬದಲಿಸಿ ಫಲವಿಲ್ಲ, ಅಡಾಪ್ಟರನ್ನು ಕ್ಯಾಮೆರಾದ ಹತ್ತಿರ ತನ್ನಿ.

ವೈಫೈ ಕ್ಯಾಮೆರಾ ಫ್ಲ್ಯಾಟಿನ ಬಾಗಿಲಿಗೆ ಒಂದು ಸಾಕು ಎನ್ನುವವರಿಗೆ ಸರಿ. ದಪ್ಪ ಮುರಕಲ್ಲಿನ (ಕೆಂಪು ಜಂಬಿಟ್ಟಿಗೆ) ಎರಡು ಗೋಡೆ ದಾಟಿ ಸಿಗ್ನಲ್ ಹೋಗಬೇಕಾದ ಮನೆಗೆ ಬೇಡ.

ಆಕಾರದಲ್ಲಿ ಪಾರದರ್ಶಕ ಗುಮ್ಮಟದ ಡೋಮ್ ಹೊರಗೆ ಬೇಡವೇ ಬೇಡ. ಮಳೆಹನಿ ಗುಮ್ಮಟದ ಮೇಲೆ ಕೂತರೆ ಐಆರ್ ಬೆಳಕು ಅದರಲ್ಲೇ ಪ್ರತಿಫಲಿಸಿ ರಾತ್ರಿಯ ಚಿತ್ರವೆಲ್ಲ ಬಿಳಿ ಮಂಜು. ಟರೆಟ್ (ಗುಮ್ಮಟವಿಲ್ಲದ ಗುಂಡನೆಯದ್ದು) ಅಥವಾ ಬುಲೆಟ್ (ಕೊಳವೆಯಂಥದ್ದು) ತೆಗೆದುಕೊಳ್ಳಿ. ಪಶ್ಚಿಮಕ್ಕೆ ಮುಖ ಮಾಡುವ ಕ್ಯಾಮೆರಾಕ್ಕೆ 120 ಡಿಬಿ ಡಬ್ಲ್ಯುಡಿಆರ್ (ಪ್ರಖರ ಬೆಳಕು, ನೆರಳು ಎರಡನ್ನೂ ಸರಿದೂಗಿಸುವ ಸೌಲಭ್ಯ) ಬೇಕು, ಇಲ್ಲದಿದ್ದರೆ ಸಂಜೆ ಐದರ ಬಿಸಿಲಿಗೆ ಬಂದವರೆಲ್ಲ ಕಪ್ಪು ನೆರಳು. ಮಳೆಯ ಇರಚಲು ಹೊಡೆಯುವುದೂ ಅದೇ ದಿಕ್ಕಿನಿಂದ. ಆದ್ದರಿಂದ ಆ ಬದಿಯ ಕ್ಯಾಮೆರಾಕ್ಕೆ ಮೇಲೆ ಕನಿಷ್ಠ ಎರಡು ಅಡಿ ಚಾಚಿದ ಮಾಡು ಇರಲಿ.

ಕೊಳ್ಳುವಾಗ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ನೋಂದಣಿ ನೋಡಿ. 2025ರ ಏಪ್ರಿಲ್‌ನಿಂದ ಸಿಸಿ ಕ್ಯಾಮೆರಾಗಳಿಗೆ ಸೈಬರ್ ಭದ್ರತೆಯ ಪರೀಕ್ಷೆಯೂ ಕಡ್ಡಾಯವಾಗಿದೆ. ಆನ್‌ವಿಫ್ ಬೆಂಬಲ ಇದ್ದರೆ ಮುಂದೆ ಬೇರೆ ಕಂಪನಿಯ ಕ್ಯಾಮೆರಾ ಸೇರಿಸಬಹುದು.

ಉಪ್ಪು, ನೀರು, ಮುರಕಲ್ಲು

ಐಪಿ67 ಎಂದರೆ ಧೂಳು, ನೀರು ಒಳಗೆ ಹೋಗದು ಎಂದಷ್ಟೇ. ಉಪ್ಪುಗಾಳಿಗೆ ತುಕ್ಕು ಹಿಡಿಯದು ಎಂದಲ್ಲ. ಮಲ್ಪೆ, ಕಾಪು, ಸುರತ್ಕಲ್, ಉಳ್ಳಾಲದ ಕಡಲಬದಿಯ ಮನೆಗಳಲ್ಲಿ ಕ್ಯಾಮೆರಾ ಹಾಳಾಗುವ ಮೊದಲು ಅದರ ಸ್ಕ್ರೂ ಹಾಳಾಗುತ್ತದೆ. ಕಡಲು ಹತ್ತಿರವಿದ್ದರೆ ಎಸ್‌ಎಸ್ (ಸ್ಟೇನ್‌ಲೆಸ್ ಸ್ಟೀಲ್) 316 ಸ್ಕ್ರೂ ಕೇಳಿ ತನ್ನಿ, 304ಕ್ಕೂ ಅಲ್ಲಿ ಕಂದು ಕಲೆ ಬರುತ್ತದೆ. ಪಾಲಿಕಾರ್ಬೊನೇಟ್ ಮೈಯ ಕ್ಯಾಮೆರಾ, ಪಾಲಿಕಾರ್ಬೊನೇಟ್ ಜಂಕ್ಷನ್ ಬಾಕ್ಸ್ ಒಳ್ಳೆಯದು. ತಿಂಗಳಿಗೊಮ್ಮೆ ಸಿಹಿನೀರಿನ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಕ್ಯಾಮೆರಾಕ್ಕಿಂತ ಬೇಗ ಸಾಯುವುದು ಅದರ ಬಾಲದ ತುದಿಯ ಆರ್‌ಜೆ45 (ನೆಟ್‌ವರ್ಕ್ ಕೇಬಲಿನ) ಜೋಡಣೆ. ಅದನ್ನು ಗೋಡೆಯ ಮೇಲೆ ಹಾಗೇ ನೇತಾಡಲು ಬಿಟ್ಟು ಇನ್ಸುಲೇಶನ್ ಟೇಪ್ ಸುತ್ತಿದರೆ ಮೊದಲ ಮಳೆಗಾಲ ಮುಗಿಯುವುದರೊಳಗೆ ಪಿನ್ನುಗಳು ಹಸಿರುಗಟ್ಟುತ್ತವೆ. ಪ್ರತಿ ಕ್ಯಾಮೆರಾಕ್ಕೂ ಒಂದು ಜಂಕ್ಷನ್ ಬಾಕ್ಸ್, ಕೇಬಲ್ ಒಳಹೋಗುವ ತೂತು ಕೆಳಮುಖವಾಗಿ, ಅದರ ಕೆಳಗೆ ಕೇಬಲಿನದೊಂದು ಕುಣಿಕೆ. ಹರಿದು ಬಂದ ನೀರು ಕುಣಿಕೆಯ ತಳದಿಂದ ತೊಟ್ಟಿಕ್ಕಿ ಹೋಗುತ್ತದೆ. ಪಿನ್ನಿಗೆ ಚೂರು ಡೈಎಲೆಕ್ಟ್ರಿಕ್ ಗ್ರೀಸ್ (ಕರೆಂಟ್ ಹರಿಸದ, ತೇವ ತಡೆಯುವ ಗ್ರೀಸ್) ಹಚ್ಚಿ. ಕ್ಯಾಮೆರಾದ ಜೊತೆ ಬರುವ ನೀರುತಡೆ ಮುಚ್ಚಳವನ್ನು ಕನೆಕ್ಟರ್ ಕ್ರಿಂಪ್ ಮಾಡುವ (ತಂತಿಗೆ ಒತ್ತಿ ಕೂರಿಸುವ) ಮೊದಲೇ ಕೇಬಲಿಗೆ ಪೋಣಿಸಬೇಕು. ಆಮೇಲೆ ನೆನಪಾದರೆ ಅದು ಪೆಟ್ಟಿಗೆಯಲ್ಲೇ ಉಳಿಯುತ್ತದೆ. ಎಷ್ಟೋ ಮನೆಗಳಲ್ಲಿ ಉಳಿದಿರುವುದು ಅಲ್ಲಿಯೇ.

ಗೋಡೆಗೆ ತೂತು ಕೊರೆಯುವಾಗ ಹೊರಗಿನ ಬಾಯಿ ಕೆಳಗಿರುವಂತೆ ಓರೆಯಾಗಿ ಕೊರೆಯಿರಿ. ತಿರುಗಾಮುರುಗಾ ಆದರೆ ಮಳೆನೀರು ಕೇಬಲ್ ಹಿಡಿದು ಮನೆಯೊಳಗೆ ಬರುತ್ತದೆ.

ಮುರಕಲ್ಲಿನಲ್ಲಿ 6 ಎಂಎಂ ಪ್ಲಗ್ ಹಿಡಿಯುವುದಿಲ್ಲ. ಕಲ್ಲಿನೊಳಗೆ ಪೊಟರೆಗಳಿರುತ್ತವೆ, ಡ್ರಿಲ್ ಮಾಡಿದ ತೂತು ಪುಡಿಯಾಗಿ ಅಗಲವಾಗುತ್ತದೆ. ಸಾಧ್ಯವಾದರೆ ಆರ್‌ಸಿಸಿ ಬೀಮ್ ಅಥವಾ ಲಿಂಟಲ್‌ಗೇ ಬಿಗಿಯಿರಿ. ಇಲ್ಲದಿದ್ದರೆ ಹ್ಯಾಮರ್ ನಿಲ್ಲಿಸಿ ಬರೀ ತಿರುಗುವ ಮೋಡಿನಲ್ಲಿ ಕೊರೆದು, 8 ಎಂಎಂ ದಪ್ಪದ ಉದ್ದನೆಯ ಪ್ಲಗ್ಗನ್ನು ಸಿಮೆಂಟ್ ಪಾಕದಲ್ಲಿ ಅದ್ದಿ ಕೂರಿಸಿ, ಒಂದು ದಿನ ಬಿಟ್ಟು ಸ್ಕ್ರೂ ಹಾಕಿ. ಹಂಚಿನ ಮನೆಯಲ್ಲಿ ಪಕ್ಕಾಸಿಗೆ (ಮಾಡಿನ ದಪ್ಪ ಮರ) ಬಿಗಿಯಬಹುದು, ರೀಪಿಗೆ (ಹಂಚು ಕೂರುವ ಸಪೂರ ಪಟ್ಟಿ) ಬೇಡ. ರೀಪು ಗಾಳಿಗೆ ಅದುರಿದರೆ ಚಿತ್ರವೂ ಅದುರುತ್ತದೆ.

ಕೇಬಲ್ ಹೊರಾಂಗಣದ ಕಪ್ಪು ಹೊದಿಕೆಯ, ಶುದ್ಧ ತಾಮ್ರದ ಕ್ಯಾಟ್6 ಆಗಿರಲಿ. ತಂತಿಯನ್ನು ಚಾಕುವಿನಿಂದ ಹೆರೆದು ನೋಡಿ: ಒಳಗೆ ಬೆಳ್ಳಗಿದ್ದರೆ ಅದು ತಾಮ್ರ ಲೇಪಿಸಿದ ಅಲ್ಯೂಮಿನಿಯಂ. ಅಟ್ಟದಲ್ಲಿ ಹಾಯುವ ಭಾಗವನ್ನು 20 ಎಂಎಂ ಪಿವಿಸಿ ಪೈಪಿನೊಳಗೆ ಹಾಕಿ, ಇಲಿ ಮತ್ತು ಅಳಿಲು ಬಿಡುವುದಿಲ್ಲ. ಉದ್ದವನ್ನು ಗೋಡೆಯ ಗುಂಟ ಅಳೆದು ಎರಡೂ ತುದಿಗೆ ಎರಡೆರಡು ಮೀಟರ್ ಸೇರಿಸಿ.

ಸಿಡಿಲು

ಏಪ್ರಿಲ್, ಮೇ ತಿಂಗಳ ಸಂಜೆಯ ಗುಡುಗಿಗೆ ಟಿವಿಯ ಪ್ಲಗ್ ಕಿತ್ತಿಡುವ ಅಭ್ಯಾಸ ಎಲ್ಲರಿಗೂ ಇದೆ. ಕ್ಯಾಮೆರಾವನ್ನು ಹಾಗೆ ಕಿತ್ತಿಡಲಾಗದು. ಹತ್ತಿರದಲ್ಲೆಲ್ಲೋ ಬಿದ್ದ ಸಿಡಿಲು ಉದ್ದ ಕೇಬಲಿನಲ್ಲಿ ವೋಲ್ಟೇಜ್ ಹುಟ್ಟಿಸುತ್ತದೆ. ಮನೆಯಿಂದ ಗೇಟಿಗೆ, ಪಂಪ್‌ಶೆಡ್ಡಿಗೆ, ಕೊಟ್ಟಿಗೆಗೆ ತೆಂಗಿನಮರದಿಂದ ಮರಕ್ಕೆ ಎಳೆದ ತಾಮ್ರದ ಕೇಬಲ್ ಈ ಹೊಡೆತಕ್ಕೆ ಮೊದಲು ಸಿಗುತ್ತದೆ. ಮಡಲು ಬಿದ್ದು ಹರಿಯುವುದು ಬೇರೆ.

ಮನೆಯ ಗೋಡೆ ಬಿಟ್ಟು ಹೊರಗೆ ಹೋಗುವ ದೂರದ ಕ್ಯಾಮೆರಾಕ್ಕೆ ಫೈಬರ್ (ಕರೆಂಟಿನ ಬದಲು ಬೆಳಕಿನಲ್ಲಿ ಚಿತ್ರ ಒಯ್ಯುವ ಗಾಜಿನೆಳೆ) ಎಳೆಯಿರಿ. ಎರಡು ತುದಿಗೆ ಒಂದೊಂದು ಮೀಡಿಯಾ ಕನ್ವರ್ಟರ್ (ಫೈಬರನ್ನು ನೆಟ್‌ವರ್ಕ್ ಕೇಬಲಿಗೆ ಜೋಡಿಸುವ ಪೆಟ್ಟಿಗೆ), ಆ ತುದಿಯಲ್ಲಿ ಶೆಡ್ಡಿನದ್ದೇ ಕರೆಂಟ್. ಫೈಬರ್ ಕೊಳ್ಳುವಾಗ ಆಧಾರಕ್ಕೆ ಸ್ಟೀಲ್ ತಂತಿ ಇಲ್ಲದ, ಎಫ್‌ಆರ್‌ಪಿ (ನಾರು ಬೆರೆತ ಪ್ಲಾಸ್ಟಿಕ್) ಕಡ್ಡಿಯದ್ದನ್ನು ಕೇಳಿ. ಸ್ಟೀಲ್ ಇದ್ದರೆ ಫೈಬರ್ ಹಾಕಿದ ಉದ್ದೇಶವೇ ಹಾಳು.

ಉಳಿದವಕ್ಕೆ ಸರ್ಜ್ ಪ್ರೊಟೆಕ್ಟರ್ (ಹಠಾತ್ ಏರಿದ ವೋಲ್ಟೇಜನ್ನು ಅರ್ತಿಗೆ ಹರಿಸುವ ಪೆಟ್ಟಿಗೆ). ಅದು ಕೆಲಸ ಮಾಡುವುದು ಅರ್ತಿಂಗ್ ಇದ್ದರೆ ಮಾತ್ರ. ಮುರಮಣ್ಣು ಬೇಸಿಗೆಯಲ್ಲಿ ಒಣಗಿ ಅರ್ತಿನ ಪ್ರತಿರೋಧ ಏರುತ್ತದೆ, ಸಿಡಿಲು ಶುರುವಾಗುವುದೂ ಆಗಲೇ. ಮಾರ್ಚಿಯಿಂದ ಅರ್ತ್ ಗುಂಡಿಗೆ ವಾರಕ್ಕೊಂದು ಬಕೆಟ್ ನೀರು ಹೊಯ್ಯಿರಿ. ನೇರ ಸಿಡಿಲಿಗೆ ಮಾತ್ರ ಯಾವ ಪೆಟ್ಟಿಗೆಯೂ ತಡೆಯಲ್ಲ.

ಕರೆಂಟು ಮತ್ತು ಡಿಸ್ಕ್

ನಾಲ್ಕು ಕ್ಯಾಮೆರಾ ತಲಾ 5ರಿಂದ 6 ವ್ಯಾಟ್, ಎನ್‌ವಿಆರ್ ಮತ್ತು ಡಿಸ್ಕ್ 15, ಫೈಬರ್ ಮೋಡೆಮ್ 12. ಒಟ್ಟು ಸುಮಾರು 50 ವ್ಯಾಟ್. ಮನೆಯಲ್ಲಿರುವ 150 ಎಎಚ್ ಬ್ಯಾಟರಿಯಲ್ಲಿ 1800 ವ್ಯಾಟ್‌ಅವರ್ ಇದೆ. ಹಳೆಯದಾಗಿ ಅರ್ಧವೇ ಉಳಿದಿದ್ದರೂ, ಇನ್ವರ್ಟರ್ ತಾನು ತಿನ್ನುವುದನ್ನು ಕಳೆದೂ, ಫ್ಯಾನು ಹಾಕದಿದ್ದರೆ ಒಂದು ರಾತ್ರಿ ದಾಟುತ್ತದೆ. ಎನ್‌ವಿಆರ್ ಇರುವ ಪ್ಲಗ್ ಇನ್ವರ್ಟರ್ ಲೈನಿನಲ್ಲಿದೆಯೇ ಎಂದು ಮೇನ್ ಆಫ್ ಮಾಡಿ ನೋಡಿ. ಇನ್ವರ್ಟರನ್ನು ಯುಪಿಎಸ್ ಮೋಡಿನಲ್ಲಿಡಿ, ಇಲ್ಲದಿದ್ದರೆ ಕರೆಂಟ್ ಹೋದಾಗಲೆಲ್ಲ ಎನ್‌ವಿಆರ್ ರೀಸ್ಟಾರ್ಟ್ ಆಗಿ ಡಿಸ್ಕ್ ಕೆಡುತ್ತದೆ. ಇಂಟರ್ನೆಟ್ ಇಲ್ಲದಿದ್ದರೂ ರೆಕಾರ್ಡಿಂಗ್ ನಡೆಯುತ್ತದೆ. ಮೊಬೈಲಿನಲ್ಲಿ ಕಾಣುವುದು ಮಾತ್ರ ನಿಲ್ಲುತ್ತದೆ.

ಡಿಸ್ಕಿನ ಲೆಕ್ಕ ಸುಲಭ: ಎಂಬಿಪಿಎಸ್ ಲೆಕ್ಕದ ಬಿಟ್‌ರೇಟನ್ನು (ಚಿತ್ರದ ಮಾಹಿತಿ ಹರಿಯುವ ವೇಗ) 10.8ರಿಂದ ಗುಣಿಸಿದರೆ ದಿನಕ್ಕೆ ಬೇಕಾಗುವ ಜಿಬಿ. ಎಚ್.265 ಎಂಬ ವಿಡಿಯೊ ಕುಗ್ಗಿಸುವ ವಿಧಾನದಲ್ಲಿ 2 ಎಂಬಿಪಿಎಸ್ ಇಟ್ಟರೆ ಒಂದು ಕ್ಯಾಮೆರಾಕ್ಕೆ 21.6 ಜಿಬಿ, ನಾಲ್ಕಕ್ಕೆ 86.4. 2 ಟಿಬಿ ಡಿಸ್ಕಿನಲ್ಲಿ 23 ದಿನ. ಮನೆಗೆ ಬೀಗ ಹಾಕಿ ಮುಂಬಯಿಗೆ ಹೋಗಿ ಬರುವವರಿಗೆ ಇದಕ್ಕಿಂತ ಕಡಿಮೆ ಬೇಡ. ಸರ್ವೇಲೆನ್ಸ್ ದರ್ಜೆಯ (ದಿನವಿಡೀ ದಾಖಲಿಸಲೆಂದೇ ಮಾಡಿದ) ಡಿಸ್ಕ್ ಆಗಿರಲಿ. ಎನ್‌ವಿಆರನ್ನು ಟಿವಿಯ ಕೆಳಗೆ ಇಡಬೇಡಿ, ಕಳ್ಳ ಮೊದಲು ಎತ್ತುವುದು ಅದನ್ನೇ. ಹಂಚಿನ ಅಟ್ಟದ ಸೆಕೆಯೂ ಡಿಸ್ಕಿಗೆ ಆಗದು. ಗಾಳಿಯಾಡುವ, ಬೀಗವಿರುವ ಕಪಾಟು ಸರಿ. ಬಾಗಿಲ ಕ್ಯಾಮೆರಾಕ್ಕೆ ಮಾತ್ರ ಒಂದು ಹೈ ಎಂಡ್ಯೂರೆನ್ಸ್ ಮೆಮೊರಿ ಕಾರ್ಡನ್ನೂ ಹಾಕಿಡಿ.

ಎನ್‌ವಿಆರ್ ತೆಗೆದುಕೊಳ್ಳುವಾಗ ನಾಲ್ಕರ ಬದಲು ಎಂಟು ಚಾನೆಲಿನದ್ದೇ (ಎಂಟು ಕ್ಯಾಮೆರಾ ಜೋಡಿಸಬಹುದಾದದ್ದು) ಇರಲಿ.

ಚಾಲೂ ಮಾಡುವಾಗ

ಅಡ್ಮಿನ್ ಪಾಸ್‌ವರ್ಡನ್ನು ನೀವೇ ಟೈಪ್ ಮಾಡಿ. ರಿಕವರಿ ಇಮೇಲ್ ಅಳವಡಿಸಿದವರದ್ದಲ್ಲ, ನಿಮ್ಮದಾಗಿರಲಿ. ಈ ಒಂದು ತಪ್ಪಿಗೆ ಮುಂದೆ ಪ್ರತಿ ರಿಪೇರಿಗೂ ಅವರ ಹಿಂದೆ ಓಡಬೇಕಾಗುತ್ತದೆ. 2016ರಲ್ಲಿ ಮಿರಾಯ್ ಎಂಬ ಮಾಲ್‌ವೇರ್ ಲಕ್ಷಗಟ್ಟಲೆ ಕ್ಯಾಮೆರಾ, ಡಿವಿಆರ್, ರೂಟರ್‌ಗಳಿಗೆ ನುಗ್ಗಿದ್ದು ಯಾರೂ ಬದಲಿಸದ ಡಿಫಾಲ್ಟ್ ಪಾಸ್‌ವರ್ಡುಗಳ ಮೂಲಕ. ರೂಟರಿನಲ್ಲಿ ಪೋರ್ಟ್ (ಇಂಟರ್ನೆಟ್ಟಿನಿಂದ ನೇರ ಒಳಬರುವ ದಾರಿ) ತೆರೆಯಬೇಡಿ. ದುಬೈಯಲ್ಲಿರುವ ಮಗನಿಗೆ ನೋಡಲು ಮಾತ್ರ ಅನುಮತಿಯ ಬೇರೆ ಖಾತೆ ಕೊಡಿ, ಅವನು ನೋಡುವುದು ಸಬ್‌ಸ್ಟ್ರೀಮ್ (ಕಡಿಮೆ ಗುಣಮಟ್ಟದ ಹಗುರ ಚಿತ್ರ) ಆಗಿರಲಿ. ಸಮಯವನ್ನು ಎನ್‌ಟಿಪಿಗೆ (ಇಂಟರ್ನೆಟ್ಟಿನಿಂದ ಗಡಿಯಾರ ಸರಿಮಾಡುವ ವ್ಯವಸ್ಥೆ) ಜೋಡಿಸಿ.

ರೆಕಾರ್ಡಿಂಗ್ ದಿನವಿಡೀ ಇರಲಿ, ಎಚ್ಚರಿಕೆ ಸಂದೇಶ ಮಾತ್ರ ಮನುಷ್ಯರನ್ನು ಗುರುತಿಸಿದಾಗ ಬರಲಿ. ಬರೀ ಮೋಶನ್ ಇಟ್ಟರೆ ಅಲ್ಲಾಡುವ ಮಡಲು, ಲೆನ್ಸಿನ ಮೇಲೆ ಓಡುವ ಹಲ್ಲಿ, ಜೇಡರ ಬಲೆ, ಮೊದಲ ಮಳೆಯ ಹಾತೆ ಎಲ್ಲಕ್ಕೂ ಮೊಬೈಲ್ ಕಿರುಚುತ್ತದೆ. ವಾರದೊಳಗೆ ನೀವೇ ಅದನ್ನು ಮ್ಯೂಟ್ ಮಾಡುತ್ತೀರಿ. ಕ್ಯಾಮೆರಾದ ಐಆರ್ ಆರಿಸಿ, ಎರಡು ಮೀಟರ್ ಆಚೆ ಬೇರೆ ಇಲ್ಯುಮಿನೇಟರ್ (ಐಆರ್ ದೀಪ) ಹಾಕಿದರೆ ಹುಳಗಳೂ ಮಳೆಹನಿಗಳೂ ಲೆನ್ಸಿನೆದುರು ಹೊಳೆಯುವುದು ತಪ್ಪುತ್ತದೆ. ಪಕ್ಕದ ಮನೆಯ ಅಂಗಳ ಕಾಣುತ್ತಿದ್ದರೆ ಪ್ರೈವೆಸಿ ಮಾಸ್ಕಿನಿಂದ ಮುಚ್ಚಿ. ಜಗಳಕ್ಕೆ ಬರುವ ಮೊದಲೇ ಮಾಡಿದರೆ ಒಳ್ಳೆಯದು.

ಏನಾದರೂ ನಡೆದರೆ 112ಕ್ಕೆ ಕರೆ ಮಾಡಿ. ಪರದೆಯನ್ನು ಮೊಬೈಲಿನಲ್ಲಿ ಚಿತ್ರೀಕರಿಸಿಟ್ಟರೆ ಸಾಲದು, ಮೂಲ ಫೈಲನ್ನೇ ಪೆನ್‌ಡ್ರೈವಿಗೆ ಇಳಿಸಿ. ಎನ್‌ವಿಆರ್ ಗಡಿಯಾರ ನಿಜ ಸಮಯಕ್ಕಿಂತ ಎಷ್ಟು ಹಿಂದೆಮುಂದೆ ಇದೆ ಎಂದು ಬರೆದಿಡಿ. ನ್ಯಾಯಾಲಯಕ್ಕೆ ಹೋಗುವುದಿದ್ದರೆ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ 63ನೇ ಕಲಮಿನ ಪ್ರಮಾಣಪತ್ರವೂ ಬೇಕಾಗುತ್ತದೆ.

ಡ್ರಿಲ್ಲಿಂಗ್, ಕೇಬಲ್ ಕೆಲಸ ನವೆಂಬರಿನಿಂದ ಏಪ್ರಿಲ್ ಒಳಗೆ ಮುಗಿಸಿ. ಮೇ ಕೊನೆಯ ವಾರ ಪ್ರತಿ ಜಂಕ್ಷನ್ ಬಾಕ್ಸಿಗೆ ತೋಟದ ಪೈಪಿನಿಂದ ಐದು ನಿಮಿಷ ನೀರು ಹಾರಿಸಿ, ಆಮೇಲೆ ಕರೆಂಟ್ ತೆಗೆದು ತೆರೆದು ನೋಡಿ. ಅದೇ ದಿನ ಪ್ಲೇಬ್ಯಾಕಿಗೆ ಹೋಗಿ ಹತ್ತು ದಿನ ಹಿಂದಿನ ರಾತ್ರಿ ಎರಡು ಗಂಟೆಯ ದೃಶ್ಯ ತೆರೆಯಿರಿ. ಡಿಸ್ಕ್ ಸತ್ತು ತಿಂಗಳಾಗಿದ್ದರೂ ಲೈವ್ ಚಿತ್ರ ಚೆನ್ನಾಗಿಯೇ ಬರುತ್ತಿರುತ್ತದೆ.