ಆಷಾಢದ ಗಾಳಿಯಲ್ಲಿ ಡೈಲಾಗ್ ರೆಕಾರ್ಡ್ ಮಾಡುವುದು ಹೇಗೆ?

ಆನೆಗೊಂದಿ ಬಂಡೆಗಳ ಮೇಲೆ ಕಿರುಚಿತ್ರ ತೆಗೆಯುವ ಹುಡುಗರು ಜಾಸ್ತಿಯಾಗಿದ್ದಾರೆ. ದೃಶ್ಯ ಚೆನ್ನಾಗಿಯೇ ಬರುತ್ತದೆ. ನಾಯಕ ಬಾಯಿ ಬಿಟ್ಟರೆ ಮಾತ್ರ ಬರೀ ಭರ್ರೋ ಸದ್ದು. ಕ್ಯಾಮೆರಾದ ಮೈಕನ್ನೇ ನಂಬಿದರೆ ಇನ್ನೇನಾಗುತ್ತದೆ?

ಮೊದಲು ಸದ್ದಿಗೆಂದೇ ಬೇರೆ ರೆಕಾರ್ಡರ್. ಅದರ ಸೆಟ್ಟಿಂಗ್: ವೇವ್ ಫೈಲ್, 48 ಕಿಲೋಹರ್ಟ್ಜ್, 24 ಬಿಟ್. ಜೋರು ಮಾತು ರೆಕಾರ್ಡರ್ ಮೀಟರಿನಲ್ಲಿ ಮೈನಸ್ 12 ಡೆಸಿಬಲ್ ಸುತ್ತ ಇರಲಿ. ಸದ್ದನ್ನು ತಾನೇ ಏರಿಳಿಸುವ ಆಟೋ ಲೆವೆಲ್ ಬಂದ್ ಮಾಡಿ. ಮಾತು ನಿಂತ ಕೂಡಲೇ ಅದು ಗದ್ದೆಯ ಟ್ರ್ಯಾಕ್ಟರ್ ಸದ್ದನ್ನು ಮೇಲೆತ್ತುತ್ತದೆ.

ಎಲ್ಲರೂ ಎಡವುವುದು ಕಾಲರ್ ಮೈಕಿನಲ್ಲಿ. ಸೀರೆ ಉಟ್ಟವರಿಗೆ ಸೆರಗಿಗೆ ಸಿಕ್ಕಿಸಬೇಡಿ. ಇಳಕಲ್ ಸೀರೆಯ ರೇಷ್ಮೆ ಸೆರಗು ಉಸಿರಾಡಿದರೂ ಸರಸರ ಎನ್ನುತ್ತದೆ. ಕುಪ್ಪಸದ ಅಂಚಿಗೆ, ಗದ್ದದಿಂದ ಒಂದು ಗೇಣು ಕೆಳಗೆ ಹಾಕಿ. ತಾಳಿ ಸರ ಅಲ್ಲೇ ತೂಗಾಡಿ ಮೈಕಿಗೆ ಟಕಟಕ ಬಡಿಯುತ್ತದೆ. ಹಿರಿಯರನ್ನು ತಾಳಿ ತೆಗೆಯಿರಿ ಅನ್ನೋಕಾಗುತ್ತಾ? ಕುಪ್ಪಸದ ಒಳಗೆ ಸೇರಿಸಿಕೊಳ್ಳಿ ಅಮ್ಮಾ ಅಂದರೆ ಸಾಕು. ಮೈಕಿನ ಕೆಳಗೆ ವೈರನ್ನು ಉಂಗುರದಂತೆ ಸುತ್ತಿ ಟೇಪ್ ಹಚ್ಚಿ. ಕೆಳಗೆ ಎಳೆದಾಡಿದ ಸದ್ದು ಮೇಲೆ ಹತ್ತುವುದಿಲ್ಲ. ಆಮೇಲೆ ಅವರನ್ನು ನಡೆಸಿ, ಕೂರಿಸಿ, ತಿರುಗಿಸಿ. ನೀವು ಹೆಡ್‌ಫೋನ್ ಹಾಕಿಕೊಂಡು ಕೇಳಿ. ಸುಮ್ನೆ ನಿಂತಾಗ ಚೆನ್ನಾಗಿತ್ತು ಅಂದರೆ ಪ್ರಯೋಜನವಿಲ್ಲ.

ಇನ್ನು ಗಾಳಿ. ಮೈಕಿನ ಜೊತೆ ಬರುವ ಕರಿ ಸ್ಪಂಜು ಮನೆಯೊಳಗಷ್ಟೇ ಸಾಕು. ಬಯಲಿಗೆ ಉದ್ದ ಕೂದಲಿನ ಫರ್ ಕವರ್ ಬೇಕು. ಕೂದಲು ಗಾಳಿಯ ರಭಸ ಮುರಿಯುತ್ತದೆ. ಆನ್‌ಲೈನ್‌ನ ಅಗ್ಗದ ಕವರ್‌ಗಳಲ್ಲಿ ಕೂದಲು ಬೇಗ ಅಂಟಿಕೊಂಡು ಜಡೆಗಟ್ಟುತ್ತದೆ, ದುಡ್ಡು ದಂಡ. ರೆಕಾರ್ಡರ್‌ನಲ್ಲಿ ಲೋ ಕಟ್, ಅಂದರೆ ತಗ್ಗು ಸದ್ದನ್ನು ಸೋಸುವ ಸೆಟ್ಟಿಂಗ್, 80 ಹರ್ಟ್ಜ್‌ಗೆ ಇಡಿ. ಇಷ್ಟಾದರೂ ಗುಡುಗುಡು ಕೇಳಿದರೆ ನಟರನ್ನು ಬಂಡೆಯ ಮರೆಗೆ ಕರೆತನ್ನಿ. ಬಂಡೆಗೆ ತೀರಾ ಅಂಟಿ ನಿಲ್ಲಿಸಬೇಡಿ, ಮಾತು ತಿರುಗಿ ಬಡಿದು ಡಬ್ಬದೊಳಗಿನ ದನಿಯಾಗುತ್ತದೆ. ಸಾಫ್ಟ್‌ವೇರ್‌ನಲ್ಲಿ ತೆಗೆದುಬಿಡ್ತೀವಿ ಅನ್ನುವವರ ಮಾತು ಕೇಳಬೇಡಿ. ಸಣ್ಣ ಗುಂಯ್ ಸದ್ದು ಹೋಗುತ್ತದೆ. ಗಾಳಿಯ ಏಟಿಗೆ ಒಡೆದ ಮಾತು ಸರಿಯಾಗುವುದಿಲ್ಲ, ಡಬ್ಬಿಂಗೇ ಗತಿ.

ಬೂಮ್, ಅಂದರೆ ಮೈಕ್ ಸಿಕ್ಕಿಸಿದ ಉದ್ದ ಕೋಲು, ಹಿಡಿಯುವವರಿದ್ದರೆ ಮೈಕ್ ಫ್ರೇಮಿನ ಅಂಚಿಗೇ ಇರಲಿ. ದೂರ ಎರಡು ಪಟ್ಟಾದರೆ ಬಯಲಿನಲ್ಲಿ ಮಾತು ಸುಮಾರು 6 ಡೆಸಿಬಲ್ ಇಳಿಯುತ್ತದೆ.

ಬೇರೆಯಾಗಿ ರೆಕಾರ್ಡ್ ಆದ ಸದ್ದನ್ನು ಆಮೇಲೆ ದೃಶ್ಯಕ್ಕೆ ಹೊಂದಿಸಲು ಪ್ರತಿ ಟೇಕಿಗೂ ಕ್ಲಾಪ್ ಹೊಡೆಯಿರಿ. ಬೋರ್ಡ್ ಇಲ್ಲದಿದ್ದರೆ ಕ್ಯಾಮೆರಾ ಎದುರು ಕೈ ಚಪ್ಪಾಳೆ ಸಾಕು.

ಮನೆಯೊಳಗಾದರೆ ಫ್ಯಾನ್, ಫ್ರಿಜ್ ಆರಿಸಿ. ಬೈಕ್ ಕೀಲಿಯನ್ನು ಫ್ರಿಜ್ಜಿನೊಳಗೆ ಇಟ್ಟರೆ ಹೊರಡುವಾಗ ಫ್ರಿಜ್ ಮತ್ತೆ ಆನ್ ಮಾಡುವುದು ಮರೆಯುವುದಿಲ್ಲ.

ಜಾಗ ಬಿಡುವ ಮೊದಲು ಎಲ್ಲರನ್ನೂ ಸುಮ್ಮನಿರಿಸಿ ಒಂದು ನಿಮಿಷ ಬರೀ ಅಲ್ಲಿನ ಸದ್ದನ್ನೇ ರೆಕಾರ್ಡ್ ಮಾಡಿ. ಎಡಿಟಿಂಗ್‌ನಲ್ಲಿ ಮಾತು ಕತ್ತರಿಸಿದ ಕಡೆ ಇದನ್ನೇ ತುಂಬಬೇಕು. ಆ ನಿಮಿಷದಲ್ಲಿ ಯಾರೂ ತಿಂಡಿ ಪ್ಯಾಕೆಟ್ ಬಿಚ್ಚದಂತೆ ನೋಡಿಕೊಳ್ಳಿ.