ಔಷಧಿ ಹೊಡೆಯುವ ದಿನಗಳಲ್ಲಿ ಸಿ ಜೀವಸತ್ವದ ಕೊರತೆಯಾಗದಂತೆ ನೋಡಿಕೊಳ್ಳುವ ಬಗೆ

ದಾವಣಗೆರೆಯ ಮೆಕ್ಕೆಜೋಳದ ಹೊಲದಲ್ಲಾಗಲಿ, ಹೊಸದುರ್ಗದ ದಾಳಿಂಬೆ ತೋಟದಲ್ಲಾಗಲಿ ಔಷಧಿ ಹೊಡೆಯುವವರು ಎಷ್ಟೇ ಎಚ್ಚರ ವಹಿಸಿದರೂ ಒಂದಿಷ್ಟು ವಿಷ ಮೈಗೆ ಸೇರಬಹುದು. ಅದನ್ನು ಹೊರಹಾಕುವ ಕೆಲಸದಲ್ಲಿ ಹೆಚ್ಚಿನ ಪಾಲು ಯಕೃತ್ತಿನದು. ಮೊದಲ ಹಂತದಲ್ಲಿ ಸೈಟೋಕ್ರೋಮ್ ಪಿ-450 ಎಂಬ ಕಿಣ್ವಗಳು ರಾಸಾಯನಿಕದ ರಚನೆಯನ್ನು ಬದಲಿಸುತ್ತವೆ. ಬಳಿಕ ಗ್ಲುಟಾಥಯೋನ್‌ನಂಥ ವಸ್ತುಗಳು ಅದರೊಡನೆ ಸೇರಿ, ಅದು ನೀರಿನಲ್ಲಿ ಕರಗಿ ಮೂತ್ರ ಇಲ್ಲವೇ ಪಿತ್ತರಸದ ಮೂಲಕ ಹೊರಹೋಗುವಂತೆ ಮಾಡುತ್ತವೆ. ಮೊದಲ ಹಂತದಲ್ಲಿಯೇ ವಿಷ ಹೆಚ್ಚುವುದೂ ಉಂಟು: ಕ್ಲೋರ್‌ಪೈರಿಫಾಸ್ ಎಂಬ ಕೀಟನಾಶಕ ಆಗ ಆಕ್ಸಾನ್ ಎಂಬ ರೂಪ ತಾಳಿ ನರಗಳಿಗೆ ಇನ್ನಷ್ಟು ಅಪಾಯಕಾರಿಯಾಗುತ್ತದೆ.

ಯಕೃತ್ತಿನ ಈ ಕೆಲಸಕ್ಕೂ ಸಿ ಜೀವಸತ್ವಕ್ಕೂ ನಂಟಿದೆ. ಮನುಷ್ಯರಂತೆ ಗಿನಿಪಿಗ್‌ಗಳೂ ಸಿ ಜೀವಸತ್ವವನ್ನು ತಾವಾಗಿ ತಯಾರಿಸಿಕೊಳ್ಳಲಾರವು. ಅವುಗಳಿಗೆ ಇದರ ಕೊರತೆಯಾದಾಗ ಮೊದಲ ಹಂತದ ಕಿಣ್ವಗಳ ಚುರುಕು ಕುಗ್ಗುವುದು ಪ್ರಯೋಗಗಳಲ್ಲಿ ಕಂಡುಬಂದಿದೆ. ಹಾಗೆಂದು ಸಿ ಜೀವಸತ್ವವನ್ನು ಪ್ರತಿವಿಷವೆಂದು ತಿಳಿಯಕೂಡದು. ಸಿಂಪರಣೆಯ ನಂತರ ವಿಪರೀತ ಬೆವರು, ಬಾಯಲ್ಲಿ ಜೊಲ್ಲು, ಉಸಿರಾಟದ ತೊಂದರೆ ಕಂಡರೆ ಬಟ್ಟೆ ಕಳಚಿಸಿ, ಸೋಪು ಹಚ್ಚಿ ಮೈ ತೊಳೆದು, ಔಷಧಿಯ ಡಬ್ಬಿಯ ಸಮೇತ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು. ನಿಂಬೆ ಪಾನಕ ಕುಡಿಸುತ್ತ ಕೂರಬಾರದು.

ಭಾರತೀಯರಿಗೆ 2020ರಲ್ಲಿ ನಿಗದಿಪಡಿಸಿರುವ ಸಿ ಜೀವಸತ್ವದ ದಿನದ ಪ್ರಮಾಣ ಗಂಡಸರಿಗೆ 80 ಮಿಲಿಗ್ರಾಂ, ಹೆಂಗಸರಿಗೆ 65 ಮಿಲಿಗ್ರಾಂ. ಬೀಡಿ, ಸಿಗರೇಟು ಸೇದುವವರಿಗೆ ಇನ್ನೂ ಹೆಚ್ಚು ಬೇಕು. ಮಂಡಕ್ಕಿಗೆ ಹಿಂಡುವ ಅರ್ಧ ನಿಂಬೆಹಣ್ಣಿನಿಂದ 10 ಮಿಲಿಗ್ರಾಂ ದಾಟುವುದೂ ಕಷ್ಟ. ರುಚಿಗೆ ಅದು ಸರಿ, ಅದೊಂದನ್ನೇ ನೆಚ್ಚಿಕೊಳ್ಳಲಾಗದು. ಒಂದು ಪೇರಲಹಣ್ಣನ್ನು ಅಥವಾ ಎರಡು ಬೆಟ್ಟದ ನೆಲ್ಲಿಕಾಯಿಗಳನ್ನು ಹಸಿಯಾಗಿ ತಿಂದರೆ ಸಾಮಾನ್ಯವಾಗಿ ದಿನದ ಅಗತ್ಯ ಪೂರೈಸುತ್ತದೆ. ಈ ಜೀವಸತ್ವ ಬಿಸಿಗೆ ನಾಶವಾಗುವುದರಿಂದ, ನೀರಿನಲ್ಲಿ ಕರಗುವುದರಿಂದ, ನುಗ್ಗೆ ಸೊಪ್ಪನ್ನು ತೊಳೆದ ಮೇಲೆಯೇ ಬಿಡಿಸಿ, ಕಡಿಮೆ ನೀರಿನಲ್ಲಿ ಬೇಗ ಬೇಯಿಸಿ, ಬೆಂದ ನೀರನ್ನು ಚೆಲ್ಲದೆ ಸಾರಿಗೆ ಬಳಸಬೇಕು. ಚಿತ್ರಾನ್ನಕ್ಕಾದರೆ ಒಗ್ಗರಣೆಯ ಬಾಣಲೆಯನ್ನು ಒಲೆಯಿಂದ ಇಳಿಸಿ, ಅನ್ನ ಕಲಸಿ, ಅದು ಉಗುರುಬೆಚ್ಚಗಾದ ಮೇಲೆ ನಿಂಬೆರಸ ಹಿಂಡಬೇಕು.

ಜೀವಸತ್ವ ಬಹುತೇಕ ಸಿಗದೆ ಒಂದರಿಂದ ಮೂರು ತಿಂಗಳು ಕಳೆದರೆ ವಸಡಿನಲ್ಲಿ ರಕ್ತ, ಸಣ್ಣ ಪೆಟ್ಟಿಗೂ ಮೈ ಕಂದುವುದು, ಕೀಲುನೋವು, ಮಾಯದ ಗಾಯ ಕಾಣಿಸಬಹುದು. ವಸಡಿನ ರಕ್ತಕ್ಕೆ ಬೇರೆ ಕಾರಣಗಳೂ ಇರುವುದರಿಂದ ವೈದ್ಯರಿಗೆ ತೋರಿಸುವುದು ಒಳ್ಳೆಯದು. ಮಾತ್ರೆಗಳ ವಿಷಯದಲ್ಲಿ ಧಾರಾಳತನ ಬೇಡ: ದಿನಕ್ಕೆ 2,000 ಮಿಲಿಗ್ರಾಂ ಮೀರಬಾರದು, ಮೂತ್ರಪಿಂಡದಲ್ಲಿ ಕಲ್ಲಾಗಿದ್ದವರು ವೈದ್ಯರನ್ನು ಕೇಳದೆ ನುಂಗಬಾರದು.