ಓಮ್ನಿ ಸೀಟಿನ ಕೆಳಗಿನ ಮೂರು ಪ್ಲಗ್

ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ, ಬೆಳಗಿನ ಜಾವ. ನನ್ನ ಮಾರುತಿ ಓಮ್ನಿ ವ್ಯಾನ್ ತುಂಬ ಸೇವಂತಿಗೆ, ಕನಕಾಂಬರ. ಶ್ರೀರಂಗಪಟ್ಟಣ ದಾಟುತ್ತಿದ್ದಂತೆ ಗಾಡಿ ಕುಲುಕೋಕೆ ಶುರುವಾಯಿತು. ಎಷ್ಟು ತುಳಿದರೂ ಎಳೆಯೋದಿಲ್ಲ. ಮೂರು ಸಿಲಿಂಡರಲ್ಲಿ ಎರಡೇ ದುಡಿಯುತ್ತಿದ್ದವು. ನಿಲ್ಲಿಸಿ, ಹೊರಡಿಸಿ, ಮೈಸೂರಿನ ದೇವರಾಜ ಮಾರ್ಕೆಟ್ ಮುಟ್ಟುವಷ್ಟರಲ್ಲಿ ಬಿಸಿಲು ಬಂದಿತ್ತು, ಒಳ್ಳೆ ರೇಟು ಹೋಗಿತ್ತು. ಕಾರಣ ಒಂದು ಸ್ಪಾರ್ಕ್ ಪ್ಲಗ್, ಸಿಲಿಂಡರಿನಲ್ಲಿ ಪೆಟ್ರೋಲಿಗೆ ಕಿಡಿ ಹಚ್ಚುವಂಥದ್ದು. ಅವತ್ತಿಂದ ಪ್ಲಗ್ ಬಿಚ್ಚಿ ನೋಡುವ, ಬದಲಿಸುವ ಕೆಲಸ ನಾನೇ ಮಾಡಿಕೊಳ್ಳುತ್ತೇನೆ.

ನನ್ನದು 1998ರ ಕಾರ್ಬೊರೇಟರ್ (ಪೆಟ್ರೋಲ್, ಗಾಳಿ ಬೆರೆಸುವ ಭಾಗ) ಇರುವ ಗಾಡಿ, 796 ಸಿಸಿ. ಓಮ್ನಿ ತಯಾರಿಕೆ 2019ರಲ್ಲೇ ನಿಂತಿತು, ಆದರೆ ಹಳ್ಳಿಗಳಲ್ಲಿ ಇನ್ನೂ ತರಕಾರಿ, ಹೂವು, ಮೇವು ಹೊರುತ್ತಿವೆ. ಅಂಥ ಗಾಡಿ ಇಟ್ಟುಕೊಂಡವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲ ಮಾತು: ಇಂಜಿನ್ ಪೂರ್ತಿ ತಣ್ಣಗಿರಬೇಕು. ರಾತ್ರಿ ನಿಲ್ಲಿಸಿದ ಗಾಡಿಗೆ ಬೆಳಿಗ್ಗೆ ಕೈ ಹಾಕಿ. ಪ್ಲಗ್ ಕೂರುವ ಇಂಜಿನ್ನಿನ ಹೆಡ್ ಅಲ್ಯೂಮಿನಿಯಂ, ಪ್ಲಗ್ಗಿನ ಮೈ ಕಬ್ಬಿಣ. ಬಿಸಿ ಇದ್ದಾಗ ಬಲವಂತ ಮಾಡಿ ಬಿಚ್ಚಿದರೆ ಹೆಡ್ಡಿನ ಥ್ರೆಡ್ (ತಿರುಪಿನ ಗೆರೆ) ಕಿತ್ತು ಬರಬಹುದು.

ಮುಂದಿನ ಸೀಟ್ ಎತ್ತಿದರೆ ಇಂಜಿನ್ ಕಾಣುತ್ತದೆ. ಕೆಳಗಿಂದ ರಸ್ತೆಯ ಧೂಳು ನೇರವಾಗಿ ಅಲ್ಲಿಗೇ ಬಂದು ಕೂರುತ್ತದೆ. ಪ್ಲಗ್ ಸುತ್ತ ಮಣ್ಣು ಇದ್ದ ಹಾಗೇ ಬಿಚ್ಚಿದರೆ ಅದು ಸೀದಾ ಸಿಲಿಂಡರ್ ಒಳಗೆ ಬೀಳುತ್ತದೆ. ಬ್ರಷ್‌ನಿಂದ ಗುಡಿಸಿ, ಸೈಕಲ್ ಪಂಪಿನಿಂದ ಗಾಳಿ ಹೊಡೆಯಿರಿ. ಗಾಳಿ ಹೊಡೆಯುವಾಗ ಕಣ್ಣು ಜೋಪಾನ.

ಮೂರೂ ವೈರನ್ನು ಒಟ್ಟಿಗೆ ಕೀಳಬೇಡಿ. ಒಂದು ಕಿತ್ತು, ಆ ಪ್ಲಗ್ ಬದಲಿಸಿ, ವೈರ್ ವಾಪಸ್ ಹಾಕಿ, ಆಮೇಲೆ ಮುಂದಿನದಕ್ಕೆ ಹೋಗಿ. ಯಾವ ವೈರ್ ಎಲ್ಲಿಗೆ ಅನ್ನೋ ಗೊಂದಲವೇ ಬರೋದಿಲ್ಲ. ವೈರ್ ಎಳೆಯಬೇಡಿ, ತುದಿಯ ರಬ್ಬರ್ ಟೋಪಿ ಹಿಡಿದು ಸ್ವಲ್ಪ ತಿರುಚಿ ಎಳೆಯಿರಿ. ಆಮೇಲೆ 21 ಎಂ.ಎಂ. ಪ್ಲಗ್ ಸ್ಪ್ಯಾನರ್ ನೆಟ್ಟಗೆ ಕೂರಿಸಿ ಬಿಚ್ಚಿ. ಸ್ಪ್ಯಾನರ್ ಓರೆಯಾದರೆ ಬಿಳಿ ಪಿಂಗಾಣಿ ಬಿರುಕು ಬಿಡುತ್ತದೆ.

ಬಿಚ್ಚಿದ ಪ್ಲಗ್ಗನ್ನು ಸುಮ್ನೆ ಎಸೆಯಬೇಡಿ. ಇಂಜಿನ್ ಒಳಗೆ ಏನಾಗುತ್ತಿದೆ ಅಂತ ಅದರ ಮೂತಿ ಹೇಳುತ್ತದೆ. ಮೂರನ್ನೂ ಬಿಚ್ಚಿದ ಕ್ರಮದಲ್ಲೇ ಬಿಳಿ ಬಟ್ಟೆ ಮೇಲೆ ಸಾಲಾಗಿ ಇಡಿ, ಬಿಸಿಲಿಗೆ ಹಿಡಿದು ನೋಡಿ. ತಿಳಿ ಕಂದು ಅಥವಾ ಬೂದಿ ಬಣ್ಣ ಇದ್ದರೆ ಎಲ್ಲ ಸರಿ. ಒಣ ಕರಿ ಮಸಿ, ಬೆರಳಿಗೆ ಕಾಡಿಗೆ ಥರ ಅಂಟಿದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ. ಏರ್ ಫಿಲ್ಟರ್ ಕಟ್ಟಿಕೊಂಡಿರಬಹುದು, ಚೋಕ್ ಪೂರ್ತಿ ಬಿಡದೇ ಇರಬಹುದು, ಕಾರ್ಬೊರೇಟರ್ ಟ್ಯೂನಿಂಗ್ ತಪ್ಪಿರಬಹುದು. ಕರಿ ಬಣ್ಣದ ಜೊತೆ ಜಿಡ್ಡೂ ಇದ್ದರೆ ಆಯಿಲ್ ಒಳಗೆ ಬರುತ್ತಿದೆ. ಅದು ಪಿಸ್ಟನ್ ರಿಂಗ್ ಅಥವಾ ವಾಲ್ವ್ ಸೀಲಿನ ತೊಂದರೆ, ಹೊಸ ಪ್ಲಗ್ ಹಾಕಿದರೂ ಸ್ವಲ್ಪ ದಿನಕ್ಕೆ ಮತ್ತೆ ಹಾಗೇ ಆಗುತ್ತದೆ. ಸುಣ್ಣದ ಹಾಗೆ ಬೆಳ್ಳಗಾಗಿ, ತುದಿಯಲ್ಲಿ ಗುಳ್ಳೆ ಎದ್ದಿದ್ದರೆ ಇಂಜಿನ್ ಜಾಸ್ತಿ ಕಾಯುತ್ತಿದೆ. ಅಂಥ ಗಾಡಿಯನ್ನು ಓಡಿಸಬೇಡಿ, ಮೊದಲು ತೋರಿಸಿ. ಅವತ್ತು ನನ್ನ ಎರಡನೇ ಪ್ಲಗ್ ಮಾತ್ರ ಮಸಿ ಮಸಿ ಆಗಿತ್ತು, ಮಿಕ್ಕೆರಡು ಚೆನ್ನಾಗಿದ್ದವು. ಮೂರೂ ಕರ್ರಗಿದ್ದರೆ ಫಿಲ್ಟರ್, ಕಾರ್ಬೊರೇಟರ್ ಕಡೆ ಹೋಗಬೇಕಿತ್ತು. ಒಂದೇ ಕರ್ರಗಿದ್ದರೆ ಆ ಪ್ಲಗ್ಗು ಇಲ್ಲ ಅದರ ವೈರು ಅಂತ ತಿಳಿಯುತ್ತದೆ, ಅಲ್ವಾ?

ಹೊಸ ಪ್ಲಗ್ ಕೊಳ್ಳುವಾಗ ಹಳೆಯದನ್ನು ಅಂಗಡಿಗೆ ಒಯ್ದು, ಮೇಲಿನ ನಂಬರ್ ತಾಳೆ ನೋಡಿ. ಥ್ರೆಡ್ ಉದ್ದ ಹೆಚ್ಚಿದ್ದರೆ ಪಿಸ್ಟನ್‌ಗೆ ಬಡಿಯಬಹುದು. ಗ್ಯಾಪ್, ಅಂದರೆ ತುದಿಯ ಎರಡು ಕಡ್ಡಿಗಳ ನಡುವಿನ ಸಂದು, ನೋಡದೆ ಹಾಕಬೇಡಿ. ನನ್ನ ಗಾಡಿಗೆ 0.7ರಿಂದ 0.8 ಎಂ.ಎಂ. ಸಂದು ಅಳೆಯುವ ಫೀಲರ್ ಗೇಜಿನ ತೆಳು ಎಲೆ ತುಸು ತಡೆದು ಜಾರಬೇಕು. ಜಾಸ್ತಿ ಕಮ್ಮಿ ಮಾಡಲು ಹೊರಗಿನ ಬಾಗಿದ ಕಡ್ಡಿಯನ್ನಷ್ಟೇ ಬಗ್ಗಿಸಿ, ನಡುವಿನದನ್ನು ಮುಟ್ಟಬೇಡಿ. ಕಾರ್ಬೊರೇಟರ್ ಇಲ್ಲದ ಇಂಜೆಕ್ಷನ್ ಗಾಡಿಯ ಗ್ಯಾಪ್ ಬೇರೆ, ನಿಮ್ಮ ಪುಸ್ತಕದಲ್ಲಿ ನೋಡಿ.

ಇನ್ನು ನಾನು ಕಷ್ಟಪಟ್ಟು ಕಲಿತದ್ದು. ಹಿಂದೊಮ್ಮೆ ಒಂದು ಗ್ಯಾರೇಜಿನಲ್ಲಿ ಪ್ಲಗ್ಗನ್ನು ಶುರುವಿನಿಂದಲೇ ಸ್ಪ್ಯಾನರಲ್ಲಿ ತಿರುಗಿಸಿದರು. ಓರೆಯಾಗಿ ಹೋಗಿ ಥ್ರೆಡ್ ಹಾಳಾಯಿತು. ಹೆಡ್ ಬಿಚ್ಚಿಸಿ ಹೊಸ ಥ್ರೆಡ್ ಇರುವ ಬುಷ್ ಹಾಕಿಸಬೇಕಾಯಿತು, ನಾಲ್ಕು ದಿನ ಹೂವಿಗೆ ಬಾಡಿಗೆ ಆಟೋ. ಅದಕ್ಕೇ ಈಗ ಒಂದು ಗೇಣುದ್ದ ಹಳೆ ಪೆಟ್ರೋಲ್ ಪೈಪ್ ಇಟ್ಟುಕೊಂಡಿದ್ದೇನೆ. ಪ್ಲಗ್ಗಿನ ಮೇಲ್ತುದಿಗೆ ಪೈಪ್ ಸಿಕ್ಕಿಸಿ, ತೂತಿಗೆ ಇಳಿಸಿ, ಎರಡೇ ಬೆರಳಲ್ಲಿ ತಿರುಗಿಸುತ್ತೇನೆ. ಸರಿಯಾಗಿ ಕೂತರೆ ಬೆಣ್ಣೆಯ ಹಾಗೆ ಇಳಿಯುತ್ತದೆ. ಓರೆಯಾದರೆ ಪೈಪೇ ಜಾರುತ್ತದೆ, ಥ್ರೆಡ್ ಉಳಿಯುತ್ತದೆ. ಕೈಗೆ ಬಿಗಿಯಾಗಿ ವಾಷರ್ ತಾಗಿದ ಮೇಲೆ ಮಾತ್ರ ಸ್ಪ್ಯಾನರ್. ಹೊಸ ಪ್ಲಗ್ಗಿಗೆ ಅಲ್ಲಿಂದ ಅರ್ಧ ಸುತ್ತು ಸಾಕು. ಹಳೆಯದನ್ನೇ ವಾಪಸ್ ಹಾಕುವುದಾದರೆ ವಾಷರ್ ಆಗಲೇ ಚಪ್ಪಟೆ ಆಗಿರುತ್ತದೆ, ತುಸುವೇ ಬಿಗಿ ಮಾಡಿ.

ವೈರ್ ಮೇಲೆ ಅನುಮಾನ ಇದ್ದರೆ ಕತ್ತಲಾದ ಮೇಲೆ, ಬಯಲಲ್ಲಿ, ಸೀಟ್ ಎತ್ತಿಟ್ಟು ಇಂಜಿನ್ ಶುರು ಮಾಡಿ. ಕೈ ಹಾಕದೆ ಸುಮ್ನೆ ನೋಡಿ. ರಬ್ಬರ್ ಬಿರಿದ ಕಡೆ ನೀಲಿ ಕಿಡಿ ಪಟಪಟ ಹಾರುತ್ತದೆ. ಅಂಥ ವೈರ್ ಬದಲಿಸಿ.

ಸೀಟ್ ಎತ್ತಿದ್ದೀರಲ್ಲ, ಏರ್ ಫಿಲ್ಟರನ್ನೂ ಬಿಚ್ಚಿ ಕೊಡವಿ. ಹಳ್ಳಿ ರಸ್ತೆಯಾದರೆ ಬೇಗ ಬದಲಿಸಬೇಕು. ಬೆಲ್ಟ್ ಮೇಲೆ ಹೆಬ್ಬೆರಳಿಟ್ಟು ಒತ್ತಿ, ಒಳಬದಿಯಲ್ಲಿ ಬಿರುಕಿದ್ದರೆ ಬಿಡಬೇಡಿ. ಆಯಿಲನ್ನು ನಾನು 5000 ಕಿಲೋಮೀಟರಿಗೆ ಬದಲಿಸುತ್ತೇನೆ, ಆಯಿಲ್ ಫಿಲ್ಟರ್ ಜೊತೆಗೇ. ಪ್ಲಗ್ಗಿಗೆ ತಣ್ಣಗಿರಬೇಕು, ಆಯಿಲ್ ಇಳಿಸಲು ಇಂಜಿನ್ ಉಗುರು ಬೆಚ್ಚಗಿರಬೇಕು. ಹೊಸ ಫಿಲ್ಟರಿನ ರಬ್ಬರಿಗೆ ಒಂದು ಹನಿ ಆಯಿಲ್ ಸವರಿ, ಕೈಯಲ್ಲೇ ಬಿಗಿ ಮಾಡಿ. ಹೊಸ ಆಯಿಲನ್ನು ಸ್ವಲ್ಪ ಸ್ವಲ್ಪ ಹಾಕುತ್ತಾ, ಮಟ್ಟ ತೋರಿಸುವ ಡಿಪ್‌ಸ್ಟಿಕ್ ನೋಡಿ. ಇಳಿಸಿದ ಆಯಿಲನ್ನು ನಾಲೆಗೆ ಸುರಿಯಬೇಡಿ. ಆ ನೀರು ನಮ್ಮದೇ ಗದ್ದೆಗೆ ಹೋಗುತ್ತದೆ. ಕ್ಯಾನಿಗೆ ತುಂಬಿ, ಹಳೆ ಆಯಿಲ್ ಕೊಳ್ಳುವವರಿಗೆ ಕೊಡಿ.

ಪ್ಲಗ್ಗನ್ನು 10,000 ಕಿಲೋಮೀಟರಿಗೆ ಬಿಚ್ಚಿ ನೋಡುತ್ತೇನೆ, 20,000ಕ್ಕೆ ಹೊಸದು. ತಾರೀಕು, ಕಿಲೋಮೀಟರ್ ಎರಡನ್ನೂ ಬಾಗಿಲ ಒಳಗಡೆ ಅಂಟಿಸಿದ ಚೀಟಿಯಲ್ಲಿ ಬರೆದಿದ್ದೇನೆ. ತೆಗೆದವುಗಳಲ್ಲಿ ಚೆನ್ನಾಗಿರುವ ಒಂದನ್ನು ಒರೆಸಿ, ಕಾಗದ ಸುತ್ತಿ, ಸ್ಪ್ಯಾನರು, ಆ ಪೈಪ್ ತುಂಡಿನ ಜೊತೆ ಗಾಡಿಯಲ್ಲೇ ಇಟ್ಟಿದ್ದೇನೆ.